ಹೆಜ್ಜೆಗೆ ಹಣ: ಕೂತವರು ಏಳುತ್ತಿದ್ದಾರೆಯೇ, ನಡೆಯುವವರೇ ಬಾಚಿಕೊಳ್ಳುತ್ತಿದ್ದಾರೆಯೇ?

ಬೆಂಗಳೂರು: ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದು ಹಿರಿಯರ ಮಾತು. ಕೂತವನು ಎದ್ದು ನಡೆಯಲಿ ಎಂಬ ಕಾರಣಕ್ಕೆ ಅವನ ಕೈಗೇ ಹೊನ್ನು ಕೊಡುವ ಪದ್ಧತಿ ಈಗ ಹಲವು ದೇಶಗಳಲ್ಲಿ ಕಾಣಿಸಿಕೊಂಡಿದೆ. ಸಿಂಗಪುರದ ಆರೋಗ್ಯ ಉತ್ತೇಜನ ಮಂಡಳಿ 2015ರಲ್ಲಿ ‘ರಾಷ್ಟ್ರೀಯ ಹೆಜ್ಜೆ ಸವಾಲು’ ಆರಂಭಿಸಿ, ನಡೆದದ್ದಕ್ಕೆ ಅಂಕ, ಅಂಕಕ್ಕೆ ತಕ್ಕ ಅಂಗಡಿ ವೋಚರ್ ಎಂಬ ವ್ಯವಸ್ಥೆ ಮಾಡಿತು. ಕೆನಡಾದಲ್ಲಿ 2016ರಲ್ಲಿ ಸರ್ಕಾರದ ನೆರವಿನೊಂದಿಗೆ ‘ಕ್ಯಾರಟ್ ರಿವಾರ್ಡ್ಸ್’ ಎಂಬ ಆ್ಯಪ್ ಬಳಕೆಗೆ ಬಂತು. ಬ್ರಿಟನ್ ಸರ್ಕಾರ 2023ರಲ್ಲಿ ವುಲ್ವರ್‌ಹ್ಯಾಂಪ್ಟನ್ ನಗರದಲ್ಲಿ ಇಂಥದ್ದೇ ಪ್ರಯೋಗ ನಡೆಸಿತು. ಭಾರತದಲ್ಲಿ ಈ ಕೆಲಸಕ್ಕೆ ಮುಂದಾಗಿರುವುದು ಮುಖ್ಯವಾಗಿ ಆರೋಗ್ಯ ವಿಮಾ ಕಂಪನಿಗಳು. ದಿನಕ್ಕೆ ಇಂತಿಷ್ಟು ಹೆಜ್ಜೆ ಹಾಕಿದರೆ ಮುಂದಿನ ವರ್ಷದ ಕಂತಿನಲ್ಲಿ ಇಂತಿಷ್ಟು ರಿಯಾಯಿತಿ ಎಂಬ ಆಮಿಷ ಇಂದು ನಗರವಾಸಿ ಮಧ್ಯಮ ವರ್ಗಕ್ಕೆ ಹೊಸದಲ್ಲ.

ಹಣ ಕೊಟ್ಟರೆ ಜನ ನಡೆಯುತ್ತಾರೆಯೇ ಎಂಬ ಪ್ರಶ್ನೆಗೆ ಕಳೆದ ಎರಡು ದಶಕಗಳ ಅಧ್ಯಯನಗಳು ಬಹುಮಟ್ಟಿಗೆ ಉತ್ತರ ಕೊಟ್ಟಿವೆ. ಅಷ್ಟಾಗಿ ಚರ್ಚೆಗೆ ಬಾರದ ಪ್ರಶ್ನೆ ಬೇರೆಯೇ ಇದೆ. ಈ ಹಣ ಸೇರುತ್ತಿರುವುದು ಯಾರಿಗೆ? ಮೈಗಳ್ಳತನವನ್ನೋ ಅನಿವಾರ್ಯತೆಯನ್ನೋ ಮೀರಿ ಇಂದು ಮೊದಲ ಬಾರಿ ಎದ್ದು ಹೊರಟವರಿಗೋ, ಇಲ್ಲ ನಿನ್ನೆಯೂ ಮೊನ್ನೆಯೂ ನಡೆಯುತ್ತಿದ್ದವರಿಗೋ? ಯೋಜನೆಯ ಯಶಸ್ಸು, ವೈಫಲ್ಯಗಳೆರಡೂ ಈ ಪ್ರಶ್ನೆಯ ಉತ್ತರದಲ್ಲಿ ಅಡಗಿವೆ.

ಅರ್ಧ ದೇಶ ಕೂತಿದೆ

ಸಮಸ್ಯೆಯ ಗಾತ್ರ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂತಹ ಮಧ್ಯಮ ಶ್ರಮದ ಚಟುವಟಿಕೆಯಲ್ಲಿ, ಅಥವಾ 75 ನಿಮಿಷ ಹೆಚ್ಚು ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕು. ಇಷ್ಟನ್ನೂ ಮಾಡದವರು ನಿಷ್ಕ್ರಿಯರ ಪಟ್ಟಿಗೆ ಸೇರುತ್ತಾರೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು, ಅಂದರೆ ಸುಮಾರು 180 ಕೋಟಿ ಮಂದಿ ಈ ಪಟ್ಟಿಯಲ್ಲಿದ್ದರು. ಭಾರತದ ಪಾಲು ಇದಕ್ಕಿಂತಲೂ ಆತಂಕಕಾರಿ. 2000ನೇ ಇಸವಿಯಲ್ಲಿ ಶೇ 22ರ ಆಸುಪಾಸಿನಲ್ಲಿದ್ದ ನಿಷ್ಕ್ರಿಯರ ಪ್ರಮಾಣ 2022ರ ವೇಳೆಗೆ ಶೇ 49ನ್ನು ದಾಟಿತ್ತು. ಪುರುಷರಲ್ಲಿ ಇದು ಸುಮಾರು ಶೇ 42, ಮಹಿಳೆಯರಲ್ಲಿ ಸುಮಾರು ಶೇ 57.

ಇದರ ಜೊತೆಗೆ ಇನ್ನೊಂದು ಅಂಕಿಯನ್ನೂ ಇಟ್ಟು ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ವಯಸ್ಕರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತದೊತ್ತಡವಿದೆ. ಈ ಎರಡೂ ಕಾಯಿಲೆಗಳಿಗೆ ವೈದ್ಯರು ಮೊದಲು ಬರೆದುಕೊಡುವ, ಕಾಸು ಖರ್ಚಿಲ್ಲದ ಔಷಧ ನಡಿಗೆ. ಪೇಟೆಯಲ್ಲಿ ಇಷ್ಟು ಅಗ್ಗವಾಗಿ ಸಿಗುವ ಔಷಧವನ್ನು ಕೊಳ್ಳುವವರೇ ಇಲ್ಲ ಎಂಬುದು ವಿಪರ್ಯಾಸ.

ಉಪದೇಶಕ್ಕೆ ಕೊರತೆಯಾಗಿಲ್ಲ. ಕೇಂದ್ರ ಸರ್ಕಾರ 2019ರ ಆಗಸ್ಟ್ 29ರಂದು ‘ಫಿಟ್ ಇಂಡಿಯಾ’ ಆಂದೋಲನ ಆರಂಭಿಸಿತು. ನಡೆಯುವುದು ಒಳ್ಳೆಯದು ಎಂಬುದನ್ನು ಅರಿಯದ ವಯಸ್ಕರು ಇಂದು ವಿರಳ. ಅರಿವಿದ್ದೂ ಕಾಲು ಏಳದಿರುವುದಕ್ಕೆ ಅರ್ಥಶಾಸ್ತ್ರಜ್ಞರು ಕೊಡುವ ಕಾರಣ ಸರಳ: ನಡಿಗೆಯ ಕಷ್ಟ ಇಂದಿನದು, ಅದರ ಫಲ ಹತ್ತಿಪ್ಪತ್ತು ವರ್ಷಗಳಾಚೆಯದು. ನಾಳೆಯ ಫಲದ ಒಂದು ತುಣುಕನ್ನು ಇಂದೇ ಕೈಗೆ ಕೊಟ್ಟರೆ ಮನಸ್ಸು ಒಪ್ಪೀತು ಎಂಬುದೇ ಪ್ರೋತ್ಸಾಹಧನದ ಹಿಂದಿರುವ ತರ್ಕ.

ಹಣಕ್ಕೆ ಕಾಲು ಎದ್ದಿದೆ

ತರ್ಕ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷ್ಯವಿದೆ. ಬ್ರಿಟನ್ನಿನ ಕ್ರೀಡಾವೈದ್ಯ ಪತ್ರಿಕೆಯೊಂದು 2020ರಲ್ಲಿ 23 ಪ್ರಯೋಗಗಳನ್ನು, ಆರು ಸಾವಿರಕ್ಕೂ ಹೆಚ್ಚು ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿತು. ಪ್ರೋತ್ಸಾಹಧನ ಪಡೆದವರು ಪಡೆಯದವರಿಗಿಂತ ದಿನಕ್ಕೆ ಸರಾಸರಿ 600 ಹೆಜ್ಜೆ ಹೆಚ್ಚು ನಡೆದಿದ್ದರು. ಹಣ ನಿಂತ ಮೇಲೂ ಜನರನ್ನು ಹಿಂಬಾಲಿಸಿದ ಒಂಬತ್ತು ಅಧ್ಯಯನಗಳಲ್ಲಿ ಈ ಅಂತರ ಸುಮಾರು 500 ಹೆಜ್ಜೆಯಷ್ಟು ಉಳಿದಿತ್ತು. ಐದಾರು ನಿಮಿಷದ ನಡಿಗೆ ಇದು. ದೊಡ್ಡ ಗೆಲುವೆಂದು ಡಂಗುರ ಸಾರುವಂತಿಲ್ಲ, ಏನೂ ಆಗಿಲ್ಲವೆಂದು ತಳ್ಳಿಹಾಕುವಂತೆಯೂ ಇಲ್ಲ.

ಒಂದೊಂದು ಪ್ರಯೋಗವನ್ನು ಬಿಡಿಯಾಗಿ ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮೈತೂಕ ಹೆಚ್ಚಿದ್ದ 281 ಉದ್ಯೋಗಿಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಎಲ್ಲರಿಗೂ ದಿನಕ್ಕೆ 7,000 ಹೆಜ್ಜೆಯ ಗುರಿ. ಒಂದು ಗುಂಪಿಗೆ ಏನೂ ಇಲ್ಲ. ಎರಡನೆಯದಕ್ಕೆ ಗುರಿ ಮುಟ್ಟಿದ ದಿನ 1.40 ಡಾಲರ್. ಮೂರನೆಯದಕ್ಕೆ ಲಾಟರಿ. ನಾಲ್ಕನೆಯ ಗುಂಪಿನವರ ಹೆಸರಿನಲ್ಲಿ ತಿಂಗಳ ಆರಂಭದಲ್ಲೇ 42 ಡಾಲರ್ ಜಮಾ ಮಾಡಿ, ಗುರಿ ತಪ್ಪಿದ ಪ್ರತಿ ದಿನಕ್ಕೆ 1.40 ಡಾಲರ್ ಕಡಿತ ಮಾಡಲಾಯಿತು. ಮೂರೂ ಲೆಕ್ಕಗಳಲ್ಲಿ ಸಿಗಬಹುದಾದ ಹಣ ಹೆಚ್ಚುಕಡಿಮೆ ಒಂದೇ. 13 ವಾರಗಳ ಬಳಿಕ 2016ರಲ್ಲಿ ಪ್ರಕಟವಾದ ಫಲಿತಾಂಶ ಮಾತ್ರ ಒಂದೇ ಆಗಿರಲಿಲ್ಲ. ಏನೂ ಪಡೆಯದ ಗುಂಪು ಶೇ 30ರಷ್ಟು ದಿನಗಳಲ್ಲಿ ಗುರಿ ಮುಟ್ಟಿತ್ತು. ದಿನಗೂಲಿಯಂತೆ ಪಡೆದವರು ಶೇ 35, ಲಾಟರಿಯವರು ಶೇ 36, ಕೈಗೆ ಬಂದದ್ದನ್ನು ಕಳೆದುಕೊಳ್ಳುವ ಭಯವಿದ್ದವರು ಶೇ 45. ಬರಲಿರುವ ರೂಪಾಯಿಗಿಂತ ಕೈಬಿಟ್ಟು ಹೋಗುವ ರೂಪಾಯಿಯೇ ಮನುಷ್ಯನನ್ನು ಹೆಚ್ಚು ಕಾಡುತ್ತದೆ ಎಂಬ ಅನುಭವದ ಮಾತಿಗೆ ಇದು ಅಂಕಿಅಂಶದ ಮುದ್ರೆ ಒತ್ತಿತು. ಆದರೆ ಹಣ ನಿಂತ ನಂತರದ 13 ವಾರಗಳಲ್ಲಿ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಉಳಿಯಲಿಲ್ಲ.

ಸಿಂಗಪುರದ ಅನುಭವವೂ ಇದೇ ಎಚ್ಚರಿಕೆ ಕೊಡುತ್ತದೆ. ಅಲ್ಲಿನ 13 ಸಂಸ್ಥೆಗಳ 800 ಉದ್ಯೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ಹೆಜ್ಜೆ ಎಣಿಸುವ ಸಾಧನದ ಜೊತೆಗೆ ವಾರಕ್ಕೆ 15ರಿಂದ 30 ಸಿಂಗಪುರ ಡಾಲರ್‌ವರೆಗೆ ನಗದು ಸಿಗುವಂತಿತ್ತು. ಆರು ತಿಂಗಳು ಅವರು ಏನೂ ಪಡೆಯದವರಿಗಿಂತ ವಾರಕ್ಕೆ ಸರಾಸರಿ 29 ನಿಮಿಷ ಹೆಚ್ಚು ಚಟುವಟಿಕೆಯಿಂದಿದ್ದರು. ನಗದು ನಿಂತು ಇನ್ನಾರು ತಿಂಗಳು ಕಳೆಯುವಷ್ಟರಲ್ಲಿ ಆ ಲಾಭ ಕರಗಿತ್ತು. ಸಾಧನವನ್ನು ಧರಿಸುತ್ತಿದ್ದವರು ಹತ್ತರಲ್ಲಿ ಒಬ್ಬರು ಮಾತ್ರ. ತೂಕವಾಗಲಿ ರಕ್ತದೊತ್ತಡವಾಗಲಿ ಸುಧಾರಿಸಿದ್ದು ಕಂಡುಬರಲಿಲ್ಲ.

ಒಟ್ಟು ಸರಾಸರಿಯಲ್ಲಿ ಲಾಭ ಉಳಿದಿದೆ, ಕೆಲವು ಪ್ರಯೋಗಗಳಲ್ಲಿ ಅಳಿಸಿಹೋಗಿದೆ. ಈ ಏರುಪೇರಿಗೆ ಕಾರಣ ಹುಡುಕಿದರೆ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ: ಹಣ ಯಾರ ಕೈ ಸೇರಿತು, ಯಾವ ಷರತ್ತಿನ ಮೇಲೆ ಸೇರಿತು?

ಉಂಡವರಿಗೇ ಮತ್ತೆ ಹೋಳಿಗೆ

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ತನ್ನ ಸುಮಾರು ಐದು ಸಾವಿರ ಉದ್ಯೋಗಿಗಳ ಮೇಲೆ ನಡೆಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂತಹದು. ಉದ್ಯೋಗದಾತರು ಬಹುಮಾನ ಕೊಟ್ಟು ನಡೆಸುವ ಆರೋಗ್ಯ ಕಾರ್ಯಕ್ರಮಗಳಿಗೆ ಸೇರಿದವರು ಸೇರದವರಿಗಿಂತ ಆರೋಗ್ಯವಂತರು, ಅವರ ಚಿಕಿತ್ಸಾ ವೆಚ್ಚ ಕಡಿಮೆ ಎಂಬ ವರದಿಗಳು ಬಹಳ ಕಾಲದಿಂದ ಪ್ರಚಾರದಲ್ಲಿದ್ದವು. 2019ರಲ್ಲಿ ಪ್ರಕಟವಾದ ಈ ಅಧ್ಯಯನ ಅದನ್ನು ಬುಡಮೇಲು ಮಾಡಿತು. ಸೇರಿದವರು ಕಾರ್ಯಕ್ರಮ ಆರಂಭವಾಗುವ ಮೊದಲೇ ಕಡಿಮೆ ಚಿಕಿತ್ಸಾ ವೆಚ್ಚದವರಾಗಿದ್ದರು, ಮೊದಲೇ ಒಳ್ಳೆಯ ಅಭ್ಯಾಸಗಳನ್ನು ಇಟ್ಟುಕೊಂಡವರಾಗಿದ್ದರು. ಕಾರ್ಯಕ್ರಮದಿಂದ ಬಂದ ನಿಜವಾದ ಬದಲಾವಣೆ ಅತ್ಯಲ್ಪ. ಬಹುಮಾನದ ಹಣ ಆರೋಗ್ಯವಂತರನ್ನು ಹುಡುಕಿಕೊಂಡು ಹೋಗಿತ್ತೇ ಹೊರತು ಆರೋಗ್ಯವಂತರನ್ನು ಸೃಷ್ಟಿಸಿರಲಿಲ್ಲ.

ದಕ್ಷಿಣ ಆಫ್ರಿಕಾ ಮೂಲದ ‘ವೈಟಾಲಿಟಿ’ ವಿಮಾ ಯೋಜನೆಯ ಅನುಭವ ಇದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ. ಸದಸ್ಯರಿಗೆ ಅಲ್ಪ ಮೊತ್ತಕ್ಕೆ ಆ್ಯಪಲ್ ಕಂಪನಿಯ ಕೈಗಡಿಯಾರ ಕೊಟ್ಟು, ಪ್ರತಿ ತಿಂಗಳು ಸಾಕಷ್ಟು ಚಟುವಟಿಕೆ ತೋರದಿದ್ದರೆ ಕಂತು ವಸೂಲು ಮಾಡುವುದು ಅದರ ಪದ್ಧತಿ. ಮೂರು ದೇಶಗಳ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರ ಮಾಹಿತಿಯನ್ನು ಪರಿಶೀಲಿಸಿದ ‘ರ‍್ಯಾಂಡ್ ಯುರೋಪ್’ ಸಂಸ್ಥೆ 2018ರಲ್ಲಿ ವರದಿ ಕೊಟ್ಟಿತು. ಗಡಿಯಾರ ಪಡೆದವರಲ್ಲಿ ಚಟುವಟಿಕೆ ಶೇ 34ರಷ್ಟು ಹೆಚ್ಚಿತ್ತು. ಅದೇ ವರದಿಯಲ್ಲಿ ಅಷ್ಟಾಗಿ ಪ್ರಚಾರ ಪಡೆಯದ ಇನ್ನೊಂದು ಅಂಶವಿದೆ. ಸ್ಥೂಲಕಾಯದವರು ಈ ಕೊಡುಗೆಯನ್ನು ಸ್ವೀಕರಿಸಲು ಇತರರಿಗಿಂತ ಹಿಂದೆ ಬಿದ್ದಿದ್ದರು. ಸ್ವೀಕರಿಸಿದವರಲ್ಲಿ ಮಾತ್ರ ಸುಧಾರಣೆ ಇತರರಿಗಿಂತ ಹೆಚ್ಚೇ ಆಗಿತ್ತು. ಯಾರಿಗೆ ಹೆಚ್ಚು ಪ್ರಯೋಜನವಿದೆಯೋ ಅವರೇ ಬಾಗಿಲಾಚೆ ನಿಲ್ಲುತ್ತಾರೆ ಎಂಬುದು ಇದರ ತಾತ್ಪರ್ಯ.

ಅಮೆರಿಕದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಸಿದ್ಧ ಪ್ರಯೋಗವೂ ಇದಕ್ಕೆ ಹೊಂದಿಕೊಳ್ಳುತ್ತದೆ. ತಿಂಗಳಲ್ಲಿ ಎಂಟು ಬಾರಿ ವ್ಯಾಯಾಮಶಾಲೆಗೆ ಹೋದವರಿಗೆ 100 ಡಾಲರ್ ಕೊಡಲಾಯಿತು. ಹಣ ನಿಂತ ಮೇಲೂ ಹಾಜರಿ ಹೆಚ್ಚಿಯೇ ಉಳಿಯಿತು. ಆ ಹೆಚ್ಚಳಕ್ಕೆ ಕಾರಣರಾದವರು ಮೊದಲು ನಿಯಮಿತವಾಗಿ ವ್ಯಾಯಾಮಶಾಲೆಗೆ ಹೋಗದಿದ್ದವರು. ಮೊದಲೇ ಹೋಗುತ್ತಿದ್ದವರ ವಿಷಯದಲ್ಲಿ ಹಣ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು.

ಹತ್ತು ಸಾವಿರದ ಗೋಡೆ

ನಿಷ್ಕ್ರಿಯರು ಬಾಗಿಲಾಚೆ ಉಳಿಯುವುದಕ್ಕೆ ಗುರಿಯ ಎತ್ತರವೂ ಕಾರಣ. ದಿನಕ್ಕೆ 10,000 ಹೆಜ್ಜೆ ಎಂಬುದು ಇಂದು ಮಂತ್ರದಂತೆ ಪಠಣವಾಗುತ್ತಿದೆ. ಈ ಸಂಖ್ಯೆ ಹುಟ್ಟಿದ್ದು ವೈದ್ಯಕೀಯ ಸಂಶೋಧನೆಯಿಂದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರುಕಟ್ಟೆಗೆ ತಂದ ಹೆಜ್ಜೆಮಾಪಕದ ಹೆಸರು ‘ಮಾನ್ಪೊ-ಕೇ’, ಅಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ. ಸರಕಿನ ಹೆಸರೇ ಮುಂದೆ ಜಗತ್ತಿನ ಗುರಿಯಾಗಿ ಕೂತಿತು.

2025ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪ್ರಕಟಿಸಿದ ವಿಸ್ತೃತ ವಿಶ್ಲೇಷಣೆಯಂತೆ, ದಿನಕ್ಕೆ 2,000 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 7,000 ಹೆಜ್ಜೆ ನಡೆಯುವವರಲ್ಲಿ ಅಕಾಲ ಮರಣದ ಸಂಭವ ಶೇ 47ರಷ್ಟು ಕಡಿಮೆ. ಅಲ್ಲಿಂದಾಚೆಗೆ ಹೆಜ್ಜೆ ಹೆಚ್ಚಿದಂತೆಲ್ಲ ಹೆಚ್ಚುವರಿ ಲಾಭ ಕಿರಿದಾಗುತ್ತ ಹೋಗುತ್ತದೆ. ಎರಡು ಸಾವಿರದಿಂದ ನಾಲ್ಕು ಸಾವಿರಕ್ಕೆ ಏರಿದವರು ಗಳಿಸುವ ಆರೋಗ್ಯ, ಹತ್ತರಿಂದ ಹನ್ನೆರಡು ಸಾವಿರಕ್ಕೆ ಏರಿದವರು ಗಳಿಸುವುದಕ್ಕಿಂತ ಹೆಚ್ಚು. ಬಹುಮಾನದ ಲೆಕ್ಕ ಮಾತ್ರ ತಲೆಕೆಳಗಾಗಿದೆ. ಹತ್ತು ಸಾವಿರ ದಾಟಿದವನಿಗೆ ರಿಯಾಯಿತಿ, ಎರಡರಿಂದ ಐದು ಸಾವಿರಕ್ಕೆ ಏರಲು ಬೆವರು ಸುರಿಸಿದವನಿಗೆ ಶೂನ್ಯ.

ಭಾರತದ ವಿಮಾ ಕಂಪನಿಗಳ ಕೊಡುಗೆಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಪಾಲಿಸಿದಾರರ ಆರೋಗ್ಯಕರ ನಡವಳಿಕೆಗೆ ಅಂಕ ಕೊಡಲು, ಅದನ್ನು ನವೀಕರಣದ ವೇಳೆ ಕಂತಿನ ರಿಯಾಯಿತಿಯಾಗಿಯೋ ಯೋಗಕೇಂದ್ರ, ವ್ಯಾಯಾಮಶಾಲೆಗಳ ವೋಚರ್ ಆಗಿಯೋ ಪರಿವರ್ತಿಸಲು ಅವಕಾಶ ಕಲ್ಪಿಸಿದವು. ಉದ್ದೇಶ ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ನವೀಕರಣದ ದಿನ ಬರುವ ರಿಯಾಯಿತಿ, ನಾಳೆಯ ಫಲವನ್ನು ಇಂದೇ ಕೊಡಬೇಕೆಂಬ ಮೂಲ ತರ್ಕಕ್ಕೇ ವಿರುದ್ಧ. ಇದಕ್ಕೂ ಮಿಗಿಲಾಗಿ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಆಶ್ರಯದಲ್ಲಿರುವ ಬಡ ಕುಟುಂಬಗಳು ಕಂತನ್ನೇ ಕಟ್ಟುವುದಿಲ್ಲ. ಕಂತು ಕಟ್ಟದವರಿಗೆ ಕಂತಿನ ರಿಯಾಯಿತಿಯಿಂದ ಆಗುವ ಪ್ರಯೋಜನವಾದರೂ ಏನು?

ಹೆಜ್ಜೆ ಎಣಿಸುವ ಯಂತ್ರದ ಪಕ್ಷಪಾತವೂ ಗಮನಾರ್ಹ. ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಓಡಾಡುವ ಪುರುಷನ ಪ್ರತಿ ಹೆಜ್ಜೆಯೂ ದಾಖಲಾಗುತ್ತದೆ. ಸೀರೆಗೆ ಜೇಬಿಲ್ಲ. ಅಡುಗೆಮನೆ, ಹಿತ್ತಿಲು, ನಲ್ಲಿಯ ನಡುವೆ ಓಡಾಡುವ ಗೃಹಿಣಿಯ ಮೊಬೈಲ್ ಗೂಡಿನಲ್ಲೇ ಕೂತಿರುತ್ತದೆ, ಎಷ್ಟೋ ಮನೆಗಳಲ್ಲಿ ಅವಳದೇ ಎನ್ನುವ ಮೊಬೈಲ್ ಇರುವುದೂ ಇಲ್ಲ. ದೇಶದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಿಷ್ಕ್ರಿಯರು ಎನ್ನುವಾಗ, ಅವರ ಹೆಜ್ಜೆಯನ್ನು ಎಣಿಸಲಾಗದ ಯೋಜನೆ ಅರ್ಧ ಸಮಸ್ಯೆಯನ್ನು ಹೊರಗಿಟ್ಟೇ ಹೊರಡುತ್ತದೆ.

ಕೊಯಮತ್ತೂರಿನ ಪಾಠ

ಹಾಗಾದರೆ ನಮ್ಮಂತಹ ನಾಡಿನಲ್ಲಿ ಇದು ಆಗದ ಕೆಲಸವೇ? ಅಲ್ಲ ಎನ್ನುವುದಕ್ಕೆ ನೆರೆಯ ತಮಿಳುನಾಡಿನ ಕೊಯಮತ್ತೂರಿನಲ್ಲೇ ಉದಾಹರಣೆಯಿದೆ. ಶಿಲ್ಪಾ ಅಗರ್‌ವಾಲ್, ರೆಬೆಕಾ ಡಿಜಾನ್-ರಾಸ್ ಮತ್ತು ಏರಿಯಲ್ ಜುಕರ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿ ಮಧುಮೇಹ ಇರುವ, ಅಥವಾ ಅದರ ಹೊಸ್ತಿಲಲ್ಲಿರುವ ಸುಮಾರು 3,200 ಮಂದಿಯ ಮೇಲೆ ಪ್ರಯೋಗ ನಡೆಸಿದರು. ಹೆಜ್ಜೆಮಾಪಕವನ್ನು ಅವರೇ ಕೊಟ್ಟರು. ಗುರಿ ಮುಟ್ಟಿದ ದಿನಕ್ಕೆ 20 ರೂಪಾಯಿ, ಅದೂ ಮೊಬೈಲ್ ರೀಚಾರ್ಜ್ ರೂಪದಲ್ಲಿ. ಅವಧಿ ಮೂರು ತಿಂಗಳು.

ಫಲಿತಾಂಶ ಸಿಂಗಪುರಕ್ಕಿಂತ ಆಶಾದಾಯಕವಾಗಿತ್ತು. ದಿನದ ನಡಿಗೆ ಸರಾಸರಿ 1,300 ಹೆಜ್ಜೆಗಳಷ್ಟು, ಅಂದರೆ ಶೇ 20ರಷ್ಟು ಹೆಚ್ಚಿತು. ಇದು 13 ನಿಮಿಷಗಳ ಚುರುಕು ನಡಿಗೆಗೆ ಸಮ. ಹಣ ನಿಂತ ಮೇಲೂ ಈ ಲಾಭದ ಒಂದು ಭಾಗ ಉಳಿಯಿತು. ಸಂಶೋಧಕರು ಇನ್ನೊಂದು ಸೂಕ್ಷ್ಮವನ್ನೂ ಪರೀಕ್ಷಿಸಿದರು. ಕೆಲವರಿಗೆ ಪ್ರತಿ ದಿನದ ಲೆಕ್ಕ ಬಿಟ್ಟು, ವಾರದಲ್ಲಿ ಕನಿಷ್ಠ ನಾಲ್ಕೋ ಐದೋ ದಿನ ಗುರಿ ಮುಟ್ಟಿದರೆ ಮಾತ್ರ ಹಣ ಎಂಬ ಷರತ್ತು ವಿಧಿಸಿದರು. ನಾಳೆ ನೋಡೋಣ ಎನ್ನುವ ಸ್ವಭಾವದವರಲ್ಲಿ ಈ ಷರತ್ತು ಹೆಚ್ಚು ಫಲ ಕೊಟ್ಟಿತು. ಇಂದಿನ ನಡಿಗೆ ನಾಳೆಯ ಗಳಿಕೆಗೂ ಅಡಿಗಲ್ಲಾಗುವುದರಿಂದ ಕಡಿಮೆ ಖರ್ಚಿನಲ್ಲಿ ಅಷ್ಟೇ ಕೆಲಸ ನಡೆಯಿತು.

ಕೊಯಮತ್ತೂರಿನಲ್ಲಿ ಗುರಿ ಹತ್ತು ಸಾವಿರ ಹೆಜ್ಜೆಯದೇ ಆಗಿತ್ತು ಎಂಬುದು ನಿಜ. ಆದರೆ ಅಲ್ಲಿ ಬಹುಮಾನ ಘೋಷಿಸಿ ಯಾರಾದರೂ ಬರಲಿ ಎಂದು ಬಾಗಿಲು ತೆರೆದಿಟ್ಟುಕೊಂಡು ಕೂರಲಿಲ್ಲ. ನಡಿಗೆಯ ಅಗತ್ಯ ಯಾರಿಗಿದೆಯೋ ಅವರನ್ನೇ ಗುರುತಿಸಿ ಹೋದರು. ಹಣ ವರ್ಷದ ಕೊನೆಗಲ್ಲ, ಬೆನ್ನಿಗೇ ಬಂತು. ಮೊತ್ತವೂ ಅಲ್ಪ. ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪದೆ ಗುರಿ ಮುಟ್ಟಿದವರಿಗೂ ಸಿಗುವುದು ಸುಮಾರು 1,800 ರೂಪಾಯಿ. ಒಂದು ಲಕ್ಷ ಮಂದಿಗೆ ಇದನ್ನು ವಿಸ್ತರಿಸಿದರೆ ಹೆಜ್ಜೆಮಾಪಕದ ವೆಚ್ಚ ಹೊರತುಪಡಿಸಿ ಗರಿಷ್ಠ 18 ಕೋಟಿ ರೂಪಾಯಿ. ರಾಜ್ಯವೊಂದರ ಆರೋಗ್ಯ ಮುಂಗಡಪತ್ರದಲ್ಲಿ ಇದು ಪ್ರಯೋಗಕ್ಕೆ ನಿಲುಕದ ಮೊತ್ತವಲ್ಲ.

ತಪ್ಪಿದ ಮರುದಿನದ ಬೆಲೆ

ಸಣ್ಣ ಮೊತ್ತವನ್ನು ಜಾಣ್ಮೆಯಿಂದ ಬಳಸಿದರೆ ಏನಾಗಬಹುದು ಎಂಬುದಕ್ಕೆ 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಬೃಹತ್ ಅಧ್ಯಯನ ಸಾಕ್ಷಿ. ಅಮೆರಿಕದ ವ್ಯಾಯಾಮಶಾಲಾ ಸರಪಳಿಯೊಂದರ 61,293 ಸದಸ್ಯರ ಮೇಲೆ 54 ಬಗೆಯ ನಾಲ್ಕು ವಾರಗಳ ಕಾರ್ಯಕ್ರಮಗಳನ್ನು ಪರೀಕ್ಷಿಸಲಾಯಿತು. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು, ಒಮ್ಮೆ ವ್ಯಾಯಾಮ ತಪ್ಪಿಸಿದವರು ಮತ್ತೆ ಬಂದಾಗ ಕೊಡುವ ಸುಮಾರು 9 ಸೆಂಟ್‌ಗಳ ಹೆಚ್ಚುವರಿ ಬಹುಮಾನ. ಅಭ್ಯಾಸ ಮುರಿಯುವುದು ಒಂದು ದಿನ ತಪ್ಪಿದ್ದರಿಂದಲ್ಲ, ತಪ್ಪಿದ ಮರುದಿನವೂ ಹೋಗದಿದ್ದರಿಂದ ಎಂಬ ಸತ್ಯವನ್ನು ಈ ಪುಡಿಗಾಸು ಹಿಡಿದುಕೊಟ್ಟಿತು. ನಾಲ್ಕು ವಾರ ಮುಗಿದ ಮೇಲೂ ಪರಿಣಾಮ ಉಳಿಸಿಕೊಂಡ ಕಾರ್ಯಕ್ರಮಗಳು ಶೇ 8ರಷ್ಟು ಮಾತ್ರ ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ.

ಇತ್ತ ನಿರಂತರವಾಗಿ ಹಣ ಕೊಡುವುದೂ ಸುಲಭವಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಬಳಕೆದಾರರನ್ನು ಗಳಿಸಿದ್ದ ಕೆನಡಾದ ‘ಕ್ಯಾರಟ್ ರಿವಾರ್ಡ್ಸ್’ ದಿನಕ್ಕೆ ಕೆಲವೇ ಸೆಂಟ್‌ಗಳ ಅಂಕ ಕೊಟ್ಟು ಜನರನ್ನು ನಡೆಸಿತು. ಕಡಿಮೆ ನಡೆಯುತ್ತಿದ್ದವರಲ್ಲೇ ಸುಧಾರಣೆ ಹೆಚ್ಚು ಕಂಡಿತ್ತು. ಆದರೂ ಹಣದ ಮೂಲ ಬತ್ತಿ 2019ರ ಜೂನ್‌ನಲ್ಲಿ ಬಾಗಿಲು ಹಾಕಬೇಕಾಯಿತು. ಸರ್ಕಾರದ ಅನುದಾನವನ್ನೇ ನಂಬಿದ ಯೋಜನೆಗೆ ಈ ಗಂಡಾಂತರ ತಪ್ಪಿದ್ದಲ್ಲ.

ಆಕ್ಷೇಪಗಳು ಅನೇಕ

ಪ್ರೋತ್ಸಾಹಧನದ ವಿರುದ್ಧ ಕೇಳಿಬರುವ ಮೊದಲ ಆಕ್ಷೇಪ ನ್ಯಾಯದ್ದು. ಬೆಳಗಾಗುವ ಮುನ್ನ ಬೀದಿ ಗುಡಿಸುವ ಪೌರಕಾರ್ಮಿಕರು, ಹೊಲದಲ್ಲಿ ದಿನವಿಡೀ ಬಗ್ಗಿ ನಿಲ್ಲುವ ಕೂಲಿಕಾರರು ಯಾರ ಬಹುಮಾನವನ್ನೂ ಕೇಳದೆ ದುಡಿಯುತ್ತಿರುವಾಗ, ಕುರ್ಚಿಯಲ್ಲಿ ಕೂತವನನ್ನು ಎಬ್ಬಿಸಲು ಸಾರ್ವಜನಿಕ ಹಣವೇಕೆ? ಪ್ರಶ್ನೆ ತೂಕದ್ದು. ಆದರೆ ಕೂತವನ ಕಾಯಿಲೆಯ ವೆಚ್ಚವೂ ಕೊನೆಗೆ ಅದೇ ಬೊಕ್ಕಸದ ಮೇಲೆ, ಅದೇ ಸರ್ಕಾರಿ ಆಸ್ಪತ್ರೆಯ ಹಾಸಿಗೆಯ ಮೇಲೆ ಬೀಳುತ್ತದೆ ಎಂಬುದನ್ನು ಮರೆಯುವಂತಿಲ್ಲ. ನಿಷ್ಕ್ರಿಯರೆಲ್ಲ ಸೋಮಾರಿಗಳು ಎಂಬ ಗ್ರಹಿಕೆಯೂ ಸರಿಯಲ್ಲ. ದಿನಕ್ಕೆ ಹತ್ತು ತಾಸು ಹೊಲಿಗೆ ಯಂತ್ರದ ಮುಂದೆ ಕೂರುವ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆ, ಸ್ಟಿಯರಿಂಗ್ ಹಿಡಿದೇ ಹಗಲು ಕಳೆಯುವ ಆಟೋ ಚಾಲಕ ಕೂತಿರುವುದು ಸುಖಕ್ಕಲ್ಲ, ಹೊಟ್ಟೆಪಾಡಿಗೆ.

ಎರಡನೆಯದು ವಂಚನೆಯ ಭಯ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ಕಡೆಯೂ ಇದ್ದಾರೆ. ಮೊಬೈಲನ್ನು ಸಿಕ್ಕಿಸಿಟ್ಟರೆ ತೊಟ್ಟಿಲಿನಂತೆ ತೂಗಿ ತಾನೇ ಹೆಜ್ಜೆ ಎಣಿಸುವಂತೆ ಮಾಡುವ ಯಂತ್ರಗಳು ಚೀನಾದ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟವಾಗಿವೆ. ಬಹುಮಾನ ದೊಡ್ಡದಾದಷ್ಟೂ ಈ ತೊಟ್ಟಿಲು ಹೆಚ್ಚು ತೂಗುತ್ತದೆ. ಮೊತ್ತ ಸಣ್ಣದಿರಬೇಕು, ಅವಧಿ ಮಿತವಾಗಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು ಖಾಸಗಿತನ. ಒಬ್ಬರು ಎಷ್ಟು ನಡೆದರು, ಯಾವಾಗ ಮಲಗಿದರು, ಹೃದಯ ಎಷ್ಟು ಬಾರಿ ಬಡಿಯಿತು ಎಂಬ ವಿವರ ವಿಮಾ ಕಂಪನಿಯ ಕೈಯಲ್ಲಿದ್ದರೆ, ಇಂದು ರಿಯಾಯಿತಿಗೆ ಬಳಕೆಯಾಗುವ ಅದೇ ವಿವರ ನಾಳೆ ಕಂತು ಏರಿಸಲು ಬಳಕೆಯಾಗದು ಎಂಬ ಭರವಸೆ ಪಾಲಿಸಿದಾರರಿಗೆ ಬೇಕು. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಮ್ಮತಿಯ ಮಾತನ್ನಾಡುತ್ತದೆ. ರಿಯಾಯಿತಿಯ ಆಮಿಷಕ್ಕೆ ಕೊಟ್ಟ ಸಮ್ಮತಿ ಎಷ್ಟು ಸ್ವತಂತ್ರ ಎಂಬುದು ಬೇರೆಯೇ ಚರ್ಚೆ.

ನಡೆಯಲು ದಾರಿ ಎಲ್ಲಿದೆ?

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ರಸ್ತೆಯ ಮೇಲೆಯೇ ಇದೆ. ಹಣ ಕೊಟ್ಟು ಎಬ್ಬಿಸಿದವರು ನಡೆಯುವುದೆಲ್ಲಿ? ಕೇಂದ್ರ ಸರ್ಕಾರದ ಅಂಕಿಅಂಶದ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 32,825 ಪಾದಚಾರಿಗಳು ಪ್ರಾಣ ಕಳೆದುಕೊಂಡರು. ಅಪಘಾತದಲ್ಲಿ ಸತ್ತ ಪ್ರತಿ ಐವರಲ್ಲಿ ಒಬ್ಬರು ನಡೆದುಹೋಗುತ್ತಿದ್ದವರು. ಸುರಕ್ಷಿತ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಬೇಕಾಯಿತು. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಅಗಲವಾದ ಪಾದಚಾರಿ ಮಾರ್ಗ ಪಡೆದದ್ದು ಬೆರಳೆಣಿಕೆಯ ರಸ್ತೆಗಳು. ಉಳಿದೆಡೆ ಪಾದಚಾರಿ ಮಾರ್ಗದ ಮೇಲೆ ಟ್ರಾನ್ಸ್‌ಫಾರ್ಮರ್, ದ್ವಿಚಕ್ರ ವಾಹನ, ಕಿತ್ತುಹೋದ ಚಪ್ಪಡಿ. ಕತ್ತಲಾದ ಮೇಲೆ ದೀಪವಿಲ್ಲದ ಬೀದಿಯಲ್ಲಿ ನಡೆಯುವಂತೆ ಮಹಿಳೆಯೊಬ್ಬರನ್ನು ದಿನಕ್ಕೆ 20 ರೂಪಾಯಿ ಒಪ್ಪಿಸೀತೇ?

ಪ್ರೋತ್ಸಾಹ ಮತ್ತು ಸೌಲಭ್ಯ ಒಂದಕ್ಕೊಂದು ಪರ್ಯಾಯವಲ್ಲ, ಪೂರಕ ಎಂಬುದನ್ನು ರಾಜಸ್ಥಾನದ ಉದಯಪುರ ಜಿಲ್ಲೆಯ ಇನ್ನೊಂದು ಪ್ರಯೋಗ ತೋರಿಸಿದೆ. ಅದು ನಡಿಗೆಯದಲ್ಲ, ಮಕ್ಕಳ ಲಸಿಕೆಯದು. ಏನೂ ಮಾಡದ ಹಳ್ಳಿಗಳಲ್ಲಿ ಶೇ 6ರಷ್ಟು ಮಕ್ಕಳು ಮಾತ್ರ ಪೂರ್ಣ ಲಸಿಕೆ ಪಡೆದಿದ್ದರು. ತಪ್ಪದೆ ಶಿಬಿರ ನಡೆಸಿದ ಹಳ್ಳಿಗಳಲ್ಲಿ ಇದು ಶೇ 18ಕ್ಕೆ ಏರಿತು. ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ, ಎಲ್ಲ ಮುಗಿಸಿದವರಿಗೆ ಊಟದ ತಟ್ಟೆಗಳನ್ನು ಕೊಟ್ಟಲ್ಲಿ ಶೇ 39 ತಲುಪಿತು. 2010ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಬೇಳೆ ತನ್ನ ಕೆಲಸ ಮಾಡಿದ್ದು ಶಿಬಿರ ಮೊದಲೇ ಅಲ್ಲಿ ಇದ್ದುದರಿಂದ. ನಡಿಗೆಯ ವಿಷಯದಲ್ಲಿ ಆ ಶಿಬಿರದ ಸ್ಥಾನ ಪಾದಚಾರಿ ಮಾರ್ಗಕ್ಕೆ, ಬೀದಿ ದೀಪಕ್ಕೆ, ಬಡಾವಣೆಯ ಉದ್ಯಾನಕ್ಕೆ ಸಲ್ಲುತ್ತದೆ.

ಮುಂದಿನ ದಾರಿ

ಇಷ್ಟನ್ನೂ ತೂಗಿ ನೋಡಿದರೆ ಕೆಲವು ಸಂಗತಿಗಳು ನಿಚ್ಚಳವಾಗುತ್ತವೆ. ಬಹುಮಾನ ಎಲ್ಲರಿಗೂ ಒಂದೇ ಗುರಿಯ ಮೇಲಲ್ಲ, ಅವರವರ ನಿನ್ನೆಯ ನಡಿಗೆಗಿಂತ ಇಂದು ಎಷ್ಟು ಹೆಚ್ಚು ಎಂಬುದರ ಮೇಲೆ ನಿಂತಿರಬೇಕು. ವರ್ಷಾಂತ್ಯದ ರಿಯಾಯಿತಿಗಿಂತ ವಾರಾಂತ್ಯದ ಸಣ್ಣ ಮೊತ್ತ ಹೆಚ್ಚು ಕೆಲಸ ಮಾಡುತ್ತದೆ. ಒಂದೆರಡು ದಿನ ತಪ್ಪಿದವರನ್ನು ಹೊರಹಾಕುವ ಬದಲು ಮರಳಿ ಬಂದವರಿಗೆ ಮನ್ನಣೆ ಇರಬೇಕು. ಮುಖ್ಯವಾಗಿ, ಆ್ಯಪ್ ಇಳಿಸಿಕೊಂಡು ತಾವಾಗಿ ಬರುವವರಿಗಾಗಿ ಕಾಯದೆ, ನಡಿಗೆ ಅಗತ್ಯವಿರುವವರ ಮನೆಬಾಗಿಲಿಗೆ ಯೋಜನೆಯೇ ಹೋಗಬೇಕು.

ಕರ್ನಾಟಕದ ಮಟ್ಟಿಗೆ ಈ ಕೊನೆಯ ಮಾತಿಗೆ ವಿಶೇಷ ಅರ್ಥವಿದೆ. ಮನೆಮನೆಗೆ ತೆರಳಿ ರಕ್ತದೊತ್ತಡ, ಮಧುಮೇಹ ತಪಾಸಣೆ ನಡೆಸುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾಯಿತು. ತಪಾಸಣೆಯಲ್ಲಿ ಸಕ್ಕರೆ ಅಂಶ ಹೆಚ್ಚು ಕಂಡವರಿಗೆ ಮಾತ್ರೆಯ ಜೊತೆ ನಡೆಯಿರಿ ಎಂಬ ಸಲಹೆಯೂ ಸಿಗುವುದು ಸಹಜ. ಆ ಸಲಹೆಯ ಬೆನ್ನಿಗೆ ಒಂದು ಅಗ್ಗದ ಹೆಜ್ಜೆಮಾಪಕ, ಮೂರು ತಿಂಗಳ ಸಣ್ಣ ಪ್ರೋತ್ಸಾಹಧನ ಸೇರಿಸಿ, ಒಂದೆರಡು ತಾಲ್ಲೂಕುಗಳಲ್ಲಿ ಪರೀಕ್ಷಿಸಿ ನೋಡಲು ಅಡ್ಡಿಯೇನೂ ಇಲ್ಲ. ಮೂರು ತಿಂಗಳ ನಂತರವೂ, ಒಂದು ವರ್ಷದ ನಂತರವೂ ಎಣಿಕೆ ನಡೆಯಬೇಕು. ಲಾಭ ಉಳಿಯದಿದ್ದರೆ ಯೋಜನೆಯನ್ನು ಕೈಬಿಡುವ ದಿಟ್ಟತನವೂ ಇರಬೇಕು.

ಹಣದಿಂದಲೇ ಜೀವನಶೈಲಿ ಬದಲಾಗದು ಎಂಬುದು ನಿಜ. ಅದು ಮಾಡಬಲ್ಲದ್ದು ಮೊದಲ ಕೆಲವು ವಾರಗಳ ಕಷ್ಟವನ್ನು ದಾಟಿಸುವ ಕೆಲಸ ಮಾತ್ರ. ದಾಟಿಸಬೇಕಾದದ್ದು ಹೊಳೆಯ ಈಚೆ ದಡದಲ್ಲಿ ನಿಂತವರನ್ನು. ಆಚೆ ದಡ ಮುಟ್ಟಿದವರಿಗೇ ದೋಣಿಯ ಬಾಡಿಗೆ ಕೊಡುತ್ತ ಹೋಗುವ ಈಗಿನ ಪದ್ಧತಿಯನ್ನು ವಿಮಾ ಕಂಪನಿಗಳೂ ನಿಯಂತ್ರಣ ಪ್ರಾಧಿಕಾರವೂ ಆರೋಗ್ಯ ಇಲಾಖೆಯೂ ಮರುಪರಿಶೀಲಿಸದಿದ್ದರೆ, ದೇಶದ ನಿಷ್ಕ್ರಿಯರ ಪ್ರಮಾಣ ಇಳಿಯುವ ಲಕ್ಷಣ ಸದ್ಯಕ್ಕಂತೂ ಇಲ್ಲ.